ಮೈಕಿನಲ್ಲಿ ಕೇಳಿದ ‘ಬನ್ನಿ’

ಆ ಬೆಳಿಗ್ಗೆಯೂ ಎಲ್ಲ ಬೆಳಿಗ್ಗೆಗಳ ಹಾಗೇ ಹಾಲಿನ ಪಾತ್ರೆ ತೊಳೆಯುವುದರಿಂದಲೇ ಶುರುವಾಯಿತು. ಹಾಲನ್ನು ಒಲೆಯ ಮೇಲಿಟ್ಟು, ಒಂದು ಕಣ್ಣು ಅದರ ಮೇಲಿಟ್ಟುಕೊಂಡೇ, ಮೇಜಿನ ಮೇಲೆ ಹಳೇ ಕಂಬಳಿ ಹಾಸಿ ನಮ್ಮ ಮನೆಯವರ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಹಿಂದಿನ ದಿನ ನೀಲಿ ಕೊಂಚ ಜಾಸ್ತಿಯಾಗಿ, ಜೇಬಿನ ಕೆಳಗೆ ಹೆಬ್ಬೆರಳಿನ ಗುರುತಿನಷ್ಟು ಕಲೆ ಉಳಿದುಬಿಟ್ಟಿತ್ತು. ಅವರು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಸ್ವಾತಂತ್ರ್ಯದ ದಿನ ಬಿಳಿ ಅಂಗಿಯೇ ಆಗಬೇಕು.

“ಬಾವುಟ ಚುಚ್ಕೊಂಡ್ರೆ ಮುಚ್ಚಿಹೋಗುತ್ತೆ ಬಿಡು,” ಅಂದರು.

ಬಾವುಟ ಚುಚ್ಚಿಕೊಳ್ಳುವುದು ಜೇಬಿನ ಮೇಲೆ, ಕಲೆ ಇರುವುದು ಜೇಬಿನ ಕೆಳಗೆ. ಲೆಕ್ಕದ ಮೇಷ್ಟ್ರಿಗೆ ಇಷ್ಟಾದರೂ ತಿಳಿಯಬೇಡವೇ ಅಂದುಕೊಂಡೆ.

ನಮ್ಮದು ಅಜ್ಜಂಪುರದ ಕಡೆಯ ಊರು. ತರೀಕೆರೆಗೂ ಬಸ್ಸಿದೆ, ಕಡೂರಿಗೂ ಬಸ್ಸಿದೆ. ಎರಡೂ ತಮಗೆ ಮನಸ್ಸು ಬಂದಾಗ ಬರುತ್ತವೆ. ನಮ್ಮ ಮನೆಗೂ ಪಕ್ಕದ ದೊಡ್ಡ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಗೋಡೆಯಾಚೆಗೆ ಅವರ ಬಚ್ಚಲು, ಹಂಡೆಯೊಲೆ, ಒಂದು ದಾಸವಾಳದ ಗಿಡ. ಆವತ್ತು ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ಹಂಡೆಯೊಲೆಯ ಹೊಗೆ ಆಗಲೇ ನಮ್ಮ ಕಿಟಕಿಗೆ ಬಂದಿತ್ತು. ಹೊಗೆಯ ಜೊತೆಗೆ ಆ ಮನೆಯ ಯಜಮಾನರ ದನಿಯೂ ಬಂತು. “ಬನ್ನಿ. ಬನ್ನಿ.” ಸ್ವಲ್ಪ ಹೊತ್ತು ಬಿಟ್ಟು ಮತ್ತೆ “ಬನ್ನಿ.” ಇಷ್ಟು ಬೆಳಿಗ್ಗೆ ಯಾವ ನೆಂಟರಪ್ಪಾ ಅಂದುಕೊಂಡೆ. ಹಿಂದೆಯೇ ಕಾಫಿಯ ಘಮ ಬಂತು. ಆದರೆ ಬಾಗಿಲು ತೆಗೆದ ಸದ್ದಾಗಲಿ, ಚಪ್ಪಲಿ ಬಿಟ್ಟ ಸದ್ದಾಗಲಿ ಕೇಳಲಿಲ್ಲ.

ಆಮೇಲೆ ಯಜಮಾನರ ಹೆಂಡತಿ ಹೂ ಕೀಳುವುದಕ್ಕೆ ಗೋಡೆಯ ಹತ್ತಿರ ಬಂದರು, ನಾನೂ ಹೊರಗೆ ಹೋದೆ. ನಾನು ಅವರನ್ನು ದೊಡ್ಡಮ್ಮ ಅಂತ ಕರೆಯುತ್ತೇನೆ.

“ಏನೇ, ನಿನ್ ಗೆಳತಿ ಇವತ್ತು ಯಾವ್ ಸೀರೆ ಉಡ್ತಾಳಂತೆ?”

“ಬಿಳಿ ಕಾಟನ್ ಸೀರೆ ಅಂದ್ರು ದೊಡ್ಡಮ್ಮ. ಹಸಿರು ಅಂಚಿಂದು.”

“ಊರಿಗೆಲ್ಲ ಬಾವುಟ ಹಾರ್ಸಕ್ಕೆ ಹೊರಟವ್ಳೆ. ನನ್ ರವಿಕೆ ಕಂಕುಳಲ್ಲಿ ಬಿಗಿ ಆಗೈತೆ ಅಂತ ಹೇಳು. ಹಾರ್ಸಿದ್ಮೇಲೆ ಒಂಚೂರು ಬಿಚ್ಚಿ ಕೊಡ್ಲಿ.”

ನೆಂಟರ್ಯಾರು ಅಂತ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಹಾಲು ಉಕ್ಕಿತು, ಒಳಗೆ ಓಡಿದೆ.

ದೊಡ್ಡಮ್ಮ ನನ್ನ ಗೆಳತಿ ಅಂದದ್ದು ನಮ್ಮ ಪಂಚಾಯ್ತಿಯ ಹೊಸ ಅಧ್ಯಕ್ಷರನ್ನು. ಊರಾಚೆಯ ಕಾಲೊನಿಯಲ್ಲಿ ಅವರ ಮನೆ. ಮುಂದಿನ ಪಡಸಾಲೆಯಲ್ಲಿ ಒಂದು ಹೊಲಿಗೆ ಮಿಷನ್ನು. ಊರಿನ ಮುಕ್ಕಾಲು ಪಾಲು ಹೆಂಗಸರ ರವಿಕೆ ಹೊಲಿದದ್ದು ಅದರಲ್ಲೇ. ಚುನಾವಣೆಗೆ ನಿಂತಾಗ ಅವರೇ ನಗುತ್ತಾ ಹೇಳಿದ್ದರು: “ಓಟು ಹಾಕ್ದೆ ಹೋದ್ರೆ ಎಲ್ರ ಅಳತೆನೂ ಮೈಕಲ್ಲಿ ಓದ್ತೀನಿ ಅಕ್ಕ.”

ಕಾಲೊನಿಯಿಂದ ಅಧ್ಯಕ್ಷರಾದವರು ಅವರೇ ಮೊದಲಿಗರಲ್ಲ. ಹಿಂದೆ ಒಂದು ಸಲ ಕುರ್ಚಿ ಮೀಸಲಿಗೆ ಬಂದಾಗ ವಯಸ್ಸಾದ ಒಬ್ಬರು ಆಗಿದ್ದರು. ಹೆಸರಿಗೆ ಮಾತ್ರ. ಅವರು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂರುತ್ತಿದ್ದರು. ಅಧ್ಯಕ್ಷರ ಕುರ್ಚಿಯ ಮೇಲೆ ಯಾರಾದರೂ ಇನ್ನೊಬ್ಬರು ಕೂತಿರುತ್ತಿದ್ದರು. ಸಹಿ ಬೇಕಾದಾಗ ಅವರನ್ನು ಬೆಂಚಿನಿಂದ ಕರೆಯುತ್ತಿದ್ದರು. ಈ ಸಲ ಕುರ್ಚಿ ಬಂದದ್ದು ಸಾಮಾನ್ಯ ಮಹಿಳೆಗೆ. ಅಂದರೆ ಯಾವ ಜಾತಿಯ ಹೆಂಗಸಾದರೂ ಆಗಬಹುದಿತ್ತು. ಆಕಾಂಕ್ಷಿಗಳು ಬೇರೆಯವರೂ ಇದ್ದರು. ಹಾಗಿದ್ದೂ ಸದಸ್ಯರು ಇವರನ್ನು ಆರಿಸಿದರು. ಕೆಟ್ಟು ನಿಂತಿದ್ದ ಕುಡಿಯುವ ನೀರಿನ ಘಟಕವನ್ನು ರಿಪೇರಿ ಮಾಡಿಸುವುದಕ್ಕೆ ತಾಲೂಕು ಕಚೇರಿಗೆ ಅಲೆದಾಡಿ ಅಲೆದಾಡಿ ಚಪ್ಪಲಿ ಸವೆಸಿದ್ದು ಇವರೊಬ್ಬರೇ ಅಂತ ಎಲ್ಲರಿಗೂ ಗೊತ್ತಿತ್ತು. ಯಜಮಾನರ ಕಡೆಯವರ ಮತವೂ ಇವರಿಗೇ ಬಿತ್ತು ಅಂದರು. ಹಿಂದೆ ತಾವೇ ಅಧ್ಯಕ್ಷರಾಗಿದ್ದ, ಈಗಲೂ ಸದಸ್ಯರಾಗಿರುವ ಯಜಮಾನರು ಹಾಗೆ ಮಾಡಿದ್ದು ನಮ್ಮ ಬೀದಿಯವರಿಗೆಲ್ಲ ಆಶ್ಚರ್ಯ.

ಫಲಿತಾಂಶ ಬಂದ ದಿನ ನಾನು ಒಬ್ಬಳೇ ಅಡುಗೆಮನೆಯಲ್ಲಿ ಸ್ವಲ್ಪ ಸಕ್ಕರೆ ಬಾಯಿಗೆ ಹಾಕಿಕೊಂಡೆ. ನಾನೂ ಅಂಥದೇ ಒಂದು ಕಾಲೊನಿಯಿಂದ ಬಂದವಳು. ನಾವು ಯಾರು ಅಂತ ನಮ್ಮ ಬೀದಿಗೆ ಗೊತ್ತು. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಮೇಷ್ಟ್ರು ಅಂತ ನಮ್ಮವರಿಗೆ ಮರ್ಯಾದೆ ಕೊಡುತ್ತಾರೆ, ಮಕ್ಕಳನ್ನು ಲೆಕ್ಕ ಹೇಳಿಸಿಕೊಳ್ಳಲು ಕಳಿಸುತ್ತಾರೆ. ದೊಡ್ಡಮ್ಮನಿಗಂತೂ ನನ್ನ ಮೇಲೆ ನಿಜವಾದ ಪ್ರೀತಿ. ನುಗ್ಗೆಕಾಯಿ ಬಿಟ್ಟರೆ ಮೊದಲ ಕಟ್ಟು ನಮಗೇ. ಆದರೆ ಇಷ್ಟು ವರ್ಷದಲ್ಲಿ ನಮ್ಮ ಮನೆಯ ಕಾಫಿ ಅವರು ಕುಡಿದಿಲ್ಲ. ಕೊಡಲು ಹೋದಾಗಲೆಲ್ಲ, “ಈಗ ತಾನೇ ಕುಡ್ದೆ ಕಣೇ,” ಅಂತಾರೆ.

ಬಾವುಟ ಹಾರಿಸುವ ದಿನದ ಹಿಂದಿನ ಸಂಜೆ ಅಧ್ಯಕ್ಷರು ನಮ್ಮ ಮನೆಗೆ ಬಂದಿದ್ದರು. ಬಿಳಿ ಸೀರೆಗೆ ಗಂಜಿ ಎಷ್ಟು ಹಾಕಬೇಕು ಅಂತ ಕೇಳುವ ನೆಪ. ಕಾನ್ವೆಂಟಿನಲ್ಲಿ ಓದಿದವಳು ಅಂತ ಇಂಥ ವಿಷಯಗಳಿಗೆ ಊರಿನ ಹೆಂಗಸರು ನನ್ನನ್ನೇ ಕೇಳುತ್ತಾರೆ. ಮೇಜಿನ ಬಟ್ಟೆ, ಕರವಸ್ತ್ರದ ಮಡಿಕೆ, ಇಂಗ್ಲಿಷಿನಲ್ಲಿ ಬಂದ ಮದುವೆ ಕಾಗದ. ಗಂಜಿಯ ವಿಚಾರ ಬೇಗ ಮುಗಿಯಿತು. ಆದರೂ ಅವರು ಏಳಲಿಲ್ಲ. ಸೆರಗಿನ ಒಂದು ಎಳೆಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದರು.

“ಬಾವುಟದ ಹಗ್ಗ ಎಳೆಯಕ್ಕೆ ಭಯವಾ?” ಅಂದೆ.

“ಹಗ್ಗದ್ದೇನಕ್ಕ, ಬಾವಿಲಿ ಸೇದಿದ ಕೈ ಇದು. ಮೈಕಿಂದೇ ಭಯ.”

“ಭಾಷಣವಾ?”

“ಅದಲ್ಲ. ನನ್ನ ಕರೆಯೋರು ಯಜಮಾನ್ರು. ಹೆಂಗೆ ಕರೀತಾರೋ ಅಂತ.”

ಊರಿನ ಯಾವ ಕಾರ್ಯಕ್ರಮವಾದರೂ ಮೈಕು ಯಜಮಾನರ ಕೈಯಲ್ಲೇ ಇರುವುದು. ಒಬ್ಬೊಬ್ಬರನ್ನೇ ಹೆಸರು ಹಿಡಿದು ವೇದಿಕೆಗೆ ಕರೆಯುವುದು ಅವರಿಗೆ ಇಷ್ಟವಾದ ಕೆಲಸ. ಅಧ್ಯಕ್ಷರ ತಾಯಿ ಯಜಮಾನರ ಹೊಲದಲ್ಲಿ ಕಳೆ ಕೀಳಲು ಹೋಗುತ್ತಿದ್ದವರು. ಇವರು ಮಗುವಾಗಿ ತಾಯಿಯ ಸೆರಗು ಹಿಡಿದು ಹೋದವರು. ಯಜಮಾನರು ಅಂದಿನಿಂದ ಇಂದಿನವರೆಗೆ ಇವರನ್ನು ಕರೆದದ್ದು ಒಂದೇ ರೀತಿ: ಲೇ ಪುಟ್ಟಿ, ಬಾರೇ ಇಲ್ಲಿ.

“ಕೆಟ್ಟೋರಲ್ಲ ಅಕ್ಕ. ಕಂಡಾಗೆಲ್ಲ ಬೆಲ್ಲ ಕೊಡೋರು. ನಾನು ಎರಡೂ ಕೈ ಒಡ್ಡೋಳು, ಅವ್ರು ಮೇಲಿಂದ ಹಾಕೋರು. ಬೆಲ್ಲ ಸಿಹಿಯಾಗೇ ಇತ್ತು. ಅದೇ ತೊಂದ್ರೆ.”

ಬೆರಳಿಗೆ ಸುತ್ತಿದ್ದ ಎಳೆಯನ್ನು ಬಿಚ್ಚಿ ಮತ್ತೆ ಸುತ್ತಿದರು.

“ಪಂಚಾಯ್ತಿ ಒಳಗೆ ಹೆಂಗಾದ್ರೂ ಕರೀಲಿ, ನಾನು ನುಂಗ್ಕೊಂಡೀನಿ. ನಾಳೆ ನನ್ ಮಗಳು ಮುಂದಿನ ಸಾಲಲ್ಲಿ ನಿಂತಿರ್ತಾಳೆ. ಕವಾಯತ್ತಿಗೆ ಅವ್ಳೇ ಲೀಡ್ರು. ಆಗ್ಲೇ ಕೇಳ್ಬಿಟ್ಲು, ಅವ್ವ, ನಿನ್ನ ಮೈಕಲ್ಲಿ ಬಾರೇ ಅಂದ್ರೆ ನೀನು ಹೋಗ್ತೀಯಾ ಅಂತ. ಏನ್ ಹೇಳ್ಲಿ? ಬಾವುಟ ಹಾರ್ಸದೆ ಇರಕ್ಕಾಗುತ್ತಾ? ಹೋಗ್ಬಿಟ್ರೆ, ಅವಳೂ ನಾಳೆ ಯಾರು ಬಾರೇ ಅಂದ್ರೂ ಹೋಗ್ತಾಳೆ.”

“ನಾನು ದೊಡ್ಡಮ್ಮನ ಕಿವಿಗೆ ಒಂದು ಮಾತು ಹಾಕಲಾ? ಅವರು ಯಜಮಾನರಿಗೆ ಹೇಳ್ತಾರೆ.”

“ಬ್ಯಾಡ.” ತಕ್ಷಣ ಅಂದರು. “ಕೇಳಿ ಇಸ್ಕೊಂಡ ಮರ್ಯಾದೆ ಎರವಲು ರವಿಕೆ ಇದ್ದಂಗೆ ಅಕ್ಕ. ಎಲ್ಲೋ ಒಂದ್ಕಡೆ ಬಿಗಿಯಾಗೇ ಆಗುತ್ತೆ.”

ಎದ್ದು ಹೊರಟರು. ಬಾಗಿಲಲ್ಲಿ ನಿಂತು, “ಗಂಜಿ ತೆಳ್ಳಗಿರ್ಲಿ ಅಂದ್ರಲ್ಲ?” ಅಂತ ಮತ್ತೊಮ್ಮೆ ಕೇಳಿಕೊಂಡು ಹೋದರು. ಅವರು ಬ್ಯಾಡ ಅಂದಂತೆ ನಾನು ದೊಡ್ಡಮ್ಮನಿಗೆ ಏನೂ ಹೇಳಲಿಲ್ಲ.

ಬಾ ಮತ್ತು ಬನ್ನಿ. ಪುಸ್ತಕದಲ್ಲಿ ಏಕವಚನ, ಬಹುವಚನ ಅಂತ ಎರಡು ಸಾಲಿನಲ್ಲಿ ಮುಗಿಯುವ ಸಂಗತಿ. ನಮ್ಮ ಅಪ್ಪನಿಗೆ ಅದು ಅರ್ಧ ಆಯುಷ್ಯದಷ್ಟು ದೂರವಿತ್ತು.

ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ತರೀಕೆರೆ ಕಡೆಯ ಹಳಿಗಳ ಮೇಲೆ ಸುತ್ತಿಗೆ ಹಿಡಿದು ನಡೆಯುವುದು ಅವರ ಕೆಲಸ. ನನ್ನನ್ನು ಕಾನ್ವೆಂಟಿಗೆ ಸೇರಿಸಲು ಕರೆದುಕೊಂಡು ಹೋದ ದಿನ ಡ್ಯೂಟಿಯಿಂದ ನೇರ ಬಂದಿದ್ದರು. ಸುತ್ತಿಗೆಯನ್ನು ಗೇಟಿನ ಹೊರಗೆ ಬೇಲಿಗೆ ಒರಗಿಸಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಒಳಗೆ ಬಂದರು. ಆಫೀಸಿನಲ್ಲಿ ಕೇರಳದ ಕಡೆಯ ಒಬ್ಬರು ಸಿಸ್ಟರ್ ಇದ್ದರು. ಅವರು ಕನ್ನಡ ಕಲಿತದ್ದು ಪುಸ್ತಕದಿಂದ. ಯಾರಿಗೆ ನೀನು, ಯಾರಿಗೆ ನೀವು ಅನ್ನುವ ನಮ್ಮ ಸೂಕ್ಷ್ಮ ಅವರ ತಲೆಗೆ ಹತ್ತಲೇ ಇಲ್ಲ. ತಪ್ಪಾದೀತೆಂಬ ಭಯಕ್ಕೆ ಎಲ್ಲರಿಗೂ ನೀವು. ಒಂದನೇ ಕ್ಲಾಸಿನ ಮಕ್ಕಳಿಗೂ ನೀವು. ಅಡುಗೆಮನೆಗೆ ನುಗ್ಗಿದ ಬೆಕ್ಕಿಗೆ, “ಹೋಗಿ, ದಯವಿಟ್ಟು ಹೊರಗೆ ಹೋಗಿ,” ಅನ್ನುತ್ತಿದ್ದರು. ನಾವು ಹಾಸ್ಟೆಲಿನ ಹುಡುಗಿಯರು ದಿಂಬಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದೆವು.

ಆ ಸಿಸ್ಟರ್ ಬಾಗಿಲಲ್ಲಿ ನಿಂತ ಅಪ್ಪನನ್ನು ನೋಡಿ, “ಬನ್ನಿ, ಕುಳಿತುಕೊಳ್ಳಿ,” ಅಂದರು.

ಅಪ್ಪ ಹಿಂದೆ ತಿರುಗಿ ನೋಡಿದರು.

ಹಿಂದೆ ಯಾರೂ ಇರಲಿಲ್ಲ. ಒಂದು ಕಾಗದದ ಹೂವಿನ ಬಳ್ಳಿ ಇತ್ತು, ಅಷ್ಟೆ. ಅಪ್ಪ ಗೊಂದಲಗೊಂಡು ಅಲ್ಲೇ ನಿಂತರು. ಅಪ್ಪ ಕೂರಲಿಲ್ಲ ಅಂತ ಸಿಸ್ಟರೂ ಎದ್ದು ನಿಂತರು. ಇಬ್ಬರೂ ಮೇಜಿನ ಆಚೀಚೆ ನಿಂತೇ ಇದ್ದರು. ಕೊನೆಗೆ ನಾನು ಅಪ್ಪನ ಅಂಗಿ ಜಗ್ಗಿದೆ. ಅವರು ಕುರ್ಚಿಯ ತುದಿಯಲ್ಲಿ, ಬೀಳದಷ್ಟು ಮಾತ್ರ ಕೂತರು.

ಆ ರಾತ್ರಿ ಊಟ ಮಾಡುವಾಗ ಅಮ್ಮನಿಗೆ ಅದೊಂದನ್ನೇ ಹೇಳಿದರು. ಫೀಸಿನ ಮಾತಿಲ್ಲ, ಯೂನಿಫಾರ್ಮಿನ ಮಾತಿಲ್ಲ. “ನನಗೆ ಬನ್ನಿ ಅಂದ್ರು ಕಣೇ.” ಅನ್ನ ಕಲಸುತ್ತಾ ಮತ್ತೆ, “ಬನ್ನಿ ಅಂದ್ರು.”

ಅಮ್ಮ ಸಾರು ಬಡಿಸುತ್ತಾ ಹೇಳಿದಳು: “ಅವ್ರಿಗೆ ಕನ್ನಡ ಬರಾಕಿಲ್ವಂತೆ ಬಿಡು.”

ಅಪ್ಪ ನಕ್ಕರು. ಅಮ್ಮನೂ ನಕ್ಕಳು. ನಾನೂ ನಕ್ಕೆ. ಆದರೆ ಆ ಬಾರದ ಕನ್ನಡವನ್ನೇ ನಾನು ಕಲಿತುಬಿಟ್ಟೆ. ಇವತ್ತಿಗೂ ಸೊಪ್ಪಿನವರಿಗೆ, ಕಸದ ಗಾಡಿಯವರಿಗೆ, ಪುಟ್ಟ ಮಕ್ಕಳಿಗೆ ನನ್ನ ಬಾಯಲ್ಲಿ ಬರುವುದು ನೀವು. “ಮೇಷ್ಟ್ರ ಹೆಂಡ್ತಿದು ಕಾನ್ವೆಂಟ್ ಕನ್ನಡ,” ಅಂತ ಬೀದಿಯಲ್ಲಿ ತಮಾಷೆ ಮಾಡುತ್ತಾರೆ. ಮಾಡಲಿ.

ಆ ಸಿಸ್ಟರೇ ನಮಗೆ ದೂರದೇಶದ ಕತೆಯನ್ನೂ ಹೇಳಿದ್ದರು. ಅಲ್ಲಿ ಕಪ್ಪು ಮೈಬಣ್ಣದವರು ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲೇ ಕೂರಬೇಕಿತ್ತಂತೆ, ಬಿಳಿಯರು ಬಂದರೆ ಅದನ್ನೂ ಬಿಟ್ಟು ಏಳಬೇಕಿತ್ತಂತೆ. ಎಷ್ಟೋ ವರ್ಷಗಳಾದ ಮೇಲೆ, ಮದುವೆಯಾಗಿ ಈ ಊರಿಗೆ ಬಂದ ಮೇಲೆ, ಅದೇ ದೇಶದಲ್ಲಿ ಅದೇ ಬಣ್ಣದವರೊಬ್ಬರು ಮೊದಲ ಸಲ ದೇಶಾಧ್ಯಕ್ಷರ ಕುರ್ಚಿಗೆ ಏರಿ ಪ್ರಮಾಣ ಮಾಡಿದ್ದನ್ನು ಟೀವಿಯಲ್ಲಿ ನೋಡಿದೆ. ಚಳಿಯಲ್ಲಿ ನಿಂತ ಮುದುಕಿಯೊಬ್ಬಳು ಕೈಗವಸಿನಲ್ಲೇ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನು ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಒರೆಸಿಕೊಂಡೆ.

“ಅಳ್ತೀಯಲ್ಲ, ಅವ್ರು ನಿಂಗೇನಾಗ್ಬೇಕು?” ಅಂದರು ನಮ್ಮವರು.

“ನಮ್ಮಪ್ಪನ ಕಡೆಯೋರು,” ಅಂದಿದ್ದೆ.

ಅಪ್ಪ ಆಗಲೇ ಇರಲಿಲ್ಲ.

ಇದೆಲ್ಲ ತಲೆಯಲ್ಲಿಟ್ಟುಕೊಂಡು ನಾನು ಆ ಬೆಳಿಗ್ಗೆ ಪಂಚಾಯ್ತಿ ಅಂಗಳಕ್ಕೆ ಹೋದೆ. ಧ್ವಜಸ್ತಂಭಕ್ಕೆ ಹೊಸದಾಗಿ ಸುಣ್ಣ ಬಳಿದಿದ್ದರು. ಬುಡದ ಮಣ್ಣಿನ ಮೇಲೂ ಸುಣ್ಣದ ಹನಿಗಳು. ಶಾಲೆಯ ಮಕ್ಕಳು ಸಾಲಾಗಿ ಬಂದು ನಿಂತರು. ಮುಂದೆ ನಿಂತ ಹುಡುಗಿ ಅಧ್ಯಕ್ಷರ ಮಗಳು. ಬಿಳಿ ಬೂಟಿನ ಸವೆದ ಜಾಗಕ್ಕೆ ಸೀಮೆಸುಣ್ಣ ತಿಕ್ಕಿದ್ದಳು. ಜಡೆಯ ರಿಬ್ಬನ್ನು ಒಂದು ಕಡೆ ದೊಡ್ಡ ಹೂವಾಗಿ, ಇನ್ನೊಂದು ಕಡೆ ಚಿಕ್ಕ ಹೂವಾಗಿ ಬಂದಿತ್ತು. ಆವತ್ತು ಅವರ ಮನೆಯಲ್ಲಿ ಯಾರ ಕೈಯೂ ಸ್ಥಿಮಿತದಲ್ಲಿರಲಿಲ್ಲ ಅಂತ ಅದರಲ್ಲೇ ಗೊತ್ತಾಯಿತು. ಅವಳು ಬಾವುಟವನ್ನು ನೋಡುತ್ತಿರಲಿಲ್ಲ. ಮೈಕನ್ನೇ ನೋಡುತ್ತಿದ್ದಳು.

ಅಧ್ಯಕ್ಷರು ಸದಸ್ಯರ ಸಾಲಿನಲ್ಲಿ ನಿಂತಿದ್ದರು. ಹಸಿರಂಚಿನ ಬಿಳಿ ಸೀರೆ. ಗಂಜಿ ಹದವಾಗಿತ್ತು, ನೆರಿಗೆಗಳು ಒಂದರ ಮೇಲೊಂದು ಹೊಸ ಪುಸ್ತಕದ ಹಾಳೆಗಳ ಹಾಗೆ ಕೂತಿದ್ದವು. ತಾವೇ ಹೊಲಿದ ರವಿಕೆ. ನನ್ನನ್ನು ನೋಡಿ ಕಣ್ಣಲ್ಲೇ ಒಂದಿಷ್ಟು ನಕ್ಕರು.

ಯಜಮಾನರು ಮೈಕು ಹಿಡಿದರು. ಮಡಿಸಿದ ಶಲ್ಯ, ಹೊಸ ಹಲ್ಲಿನ ಸೆಟ್ಟು. ಮೈಕು ಒಮ್ಮೆ ಕೀರಲು ದನಿ ತೆಗೆದು ಸುಮ್ಮನಾಯಿತು.

“ಮುಖ್ಯೋಪಾಧ್ಯಾಯರು ಬರ್ಬೇಕು. ದನದ ಡಾಕ್ಟ್ರು ಬರ್ಬೇಕು. ಅಂಗನವಾಡಿ ಮೇಡಮ್ಮು ಬರ್ಬೇಕು.” ಎಲ್ಲವೂ ಎಣ್ಣೆ ಹಾಕಿದ ಗಾಲಿಯ ಹಾಗೆ ಉರುಳಿದವು. “ಈಗ ಧ್ವಜಾರೋಹಣ ಮಾಡಕ್ಕೆ, ನಮ್ಮ ಪಂಚಾಯ್ತಿ ಅಧ್ಯಕ್ಷ್ರು...”

ಅಷ್ಟು ಹೇಳಿ ಅವರು ಕತ್ತೆತ್ತಿ ಅಧ್ಯಕ್ಷರ ಮುಖ ನೋಡಿದರು. ನೋಡಿದ್ದೇ ತಪ್ಪಾಯಿತು. ಇಷ್ಟು ವರ್ಷ ಆ ಮುಖ ಕಂಡಾಗ ಓಡಿದ ದಾರಿಯಲ್ಲೇ ನಾಲಿಗೆ ಓಡಿಬಿಟ್ಟಿತು.

“ಬಾ...”

ಹೊಂಗೆ ಮರಕ್ಕೆ ಕಟ್ಟಿದ್ದ ಮೈಕಿನ ಕಹಳೆ ಆ ಒಂದಕ್ಷರವನ್ನು ಬಸ್‌ಸ್ಟ್ಯಾಂಡಿನವರೆಗೂ ಕೊಂಡೊಯ್ದಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸದಸ್ಯರೊಬ್ಬರು ನೆಲ ನೋಡಿದರು. ಯಜಮಾನರು ಬಾಯಿ ಮುಚ್ಚಿಕೊಂಡರು. ಹುಡುಗಿ ಈಗ ಮೈಕನ್ನು ಬಿಟ್ಟು ತನ್ನ ತಾಯಿಯನ್ನು ನೋಡಿದಳು.

ಅಧ್ಯಕ್ಷರು ಕದಲಲಿಲ್ಲ.

ಅವರು ಸಿಟ್ಟಾಗಲಿಲ್ಲ, ಮುಖ ತಿರುಗಿಸಲಿಲ್ಲ, ಹಿಂದೆ ನೋಡಲಿಲ್ಲ. ಅಳತೆ ತೆಗೆಯುವಾಗ ನಾವು ಭುಜ ಸೊಟ್ಟ ಮಾಡಿ ನಿಂತರೆ, ನೆಟ್ಟಗೆ ನಿಲ್ಲುವ ತನಕ ಅವರು ಟೇಪು ಹಿಡಿದು ಸುಮ್ಮನೆ ಕಾಯುತ್ತಾರೆ. ಒಂದು ಮಾತೂ ಆಡುವುದಿಲ್ಲ. ಕಾಯುತ್ತಾರೆ, ನಮಗೇ ನಾಚಿಕೆಯಾಗಿ ನೆಟ್ಟಗಾಗುತ್ತೇವೆ. ಹಾಗೆ ಯಜಮಾನರನ್ನು ನೋಡುತ್ತಾ ಕಾದರು. ಹಾಗೆ ಕಾಯುವುದಕ್ಕೆ ಎಂಥ ಧೈರ್ಯ ಬೇಕು ಅಂತ ನನಗೆ ಗೊತ್ತು. ನಾನಾಗಿದ್ದರೆ ಓಡಿಹೋಗಿ ಹಗ್ಗ ಹಿಡಿದು, ಆ ಅಕ್ಷರವನ್ನು ಯಾರೂ ಕೇಳಲೇ ಇಲ್ಲವೇನೋ ಅನ್ನುವ ಹಾಗೆ ಮಾಡುತ್ತಿದ್ದೆ.

ಯಜಮಾನರು ಶಲ್ಯದ ತುದಿಯಿಂದ ಬಾಯಿ ಒರೆಸಿಕೊಂಡರು. ತುಟಿ ಏನೋ ಅಂದಿತು, ಮೈಕಿಗೆ ಕೇಳಲಿಲ್ಲ. ಮೈಕನ್ನು ಬೆರಳಿನಿಂದ ತಟ್ಟಿದರು. ಟಕ್ ಟಕ್ ಅಂತು. ಆಮೇಲೆ ಗಂಟಲು ಸರಿಮಾಡಿಕೊಂಡು, ಊರಿಗೆಲ್ಲ ಕೇಳುವ ಹಾಗೆ,

“ಬನ್ನಿ,” ಅಂದರು. “ಅಧ್ಯಕ್ಷ್ರೇ, ದಯವಿಟ್ಟು ಬನ್ನಿ.”

ಅಧ್ಯಕ್ಷರು ತಲೆಯಾಡಿಸಿ ನಡೆದು ಬಂದರು. ಅವಸರವಿಲ್ಲದ ನಡಿಗೆ. ಹಗ್ಗ ಎಳೆದರು. ಗಂಟು ಒಂದೇ ಎಳೆತಕ್ಕೆ ಬಿಚ್ಚಿ, ಮಡಿಕೆಯೊಳಗಿಟ್ಟಿದ್ದ ಚೆಂಡುಹೂವಿನ ಎಸಳು ಅವರ ತಲೆಯ ಮೇಲೂ ಬಿತ್ತು, ಪಕ್ಕದಲ್ಲಿದ್ದ ಯಜಮಾನರ ಬೋಳುತಲೆಯ ಮೇಲೂ ಬಿತ್ತು. ರಾಷ್ಟ್ರಗೀತೆ ಶುರುವಾಯಿತು. ಆ ಹುಡುಗಿ ಎಲ್ಲರಿಗಿಂತ ಒಂದು ಸ್ವರ ಮೇಲೆಯೇ ಹಾಡಿದಳು. ಪಕ್ಕದವರು ಇಳಿಸಿಕೋ ಅಂತ ಕಣ್ಸನ್ನೆ ಮಾಡಿದರೂ ಇಳಿಸಲಿಲ್ಲ.

ಭಾಷಣ ಚಿಕ್ಕದು. ನೀರು, ಬೀದಿದೀಪ, ಚರಂಡಿ. ಮುಗಿಸಿ ಕೆಳಗಿಳಿದಾಗ ಯಜಮಾನರು ತಾವೇ ಹತ್ತಿರ ಬಂದರು. ನಾನು ಪಕ್ಕದಲ್ಲೇ ಬೂಂದಿಯ ತಟ್ಟೆ ಹಿಡಿದುಕೊಂಡಿದ್ದೆ.

“ಈ ಹಲ್ಲು ಕಟ್ಟಿಸ್ಕೊಂಡಾಗಿಂದ ನಾಲಿಗೆ ಮಾತೇ ಕೇಳಲ್ಲ,” ಅಂದರು ಯಾರ ಮುಖವನ್ನೂ ನೋಡದೆ.

“ಹೊಸಾದಲ್ವಾ ಯಜಮಾನ್ರೇ,” ಅಂದರು ಅಧ್ಯಕ್ಷರು. “ನಿಧಾನಕ್ಕೆ ಹೊಂದ್ಕೊಳುತ್ತೆ.”

ಯಜಮಾನರು ಒಮ್ಮೆ ಅವರ ಮುಖ ನೋಡಿದರು. ಆಮೇಲೆ ನಕ್ಕರು, ಹಲ್ಲಿನ ಸೆಟ್ಟು ಪೂರ್ತಿ ಕಾಣುವ ಹಾಗೆ. ಅಧ್ಯಕ್ಷರು ನನ್ನ ತಟ್ಟೆಯಿಂದ ಬೂಂದಿ ತೆಗೆದು ಅವರ ಮುಂದೆ ಹಿಡಿದರು. ಯಜಮಾನರು ಅದನ್ನು ಇಸಿದುಕೊಂಡು ಬಾಯಿಗೆ ಹಾಕಿಕೊಂಡರೋ, ತಿನ್ನದೆ ಶಲ್ಯದ ತುದಿಗೆ ಗಂಟು ಹಾಕಿಕೊಂಡರೋ ನಾನು ನೋಡಲಿಲ್ಲ. ಅಷ್ಟರಲ್ಲಿ ಮಕ್ಕಳು ನನ್ನ ತಟ್ಟೆಗೆ ಮುತ್ತಿದ್ದರು. ನೋಡಿದ್ದರೆ ಚೆನ್ನಾಗಿತ್ತು ಅಂತ ಇವತ್ತಿಗೂ ಅನಿಸುತ್ತದೆ.

ಫೋಟೊ ತೆಗೆಯುವ ಹೊತ್ತಿಗೆ ಎಲ್ಲರೂ ಕಂಬದ ಕೆಳಗೆ ಸಾಲಾಗಿ ನಿಂತರು. ನಲ್ಲಿಗೆ ನೀರು ಬಿಡುವ ಹಿರಿಯರೊಬ್ಬರು ದೂರದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಅಧ್ಯಕ್ಷರು ಅತ್ತ ತಿರುಗಿ, “ಬನ್ನಿ, ನೀವೂ ನಿಂತ್ಕೊಳಿ,” ಅಂದರು.

ಆ ಹಿರಿಯರು ಕುರ್ಚಿ ಹಿಡಿದುಕೊಂಡೇ ಹಿಂದೆ ತಿರುಗಿ ನೋಡಿದರು.

ನಾನು ತಟ್ಟೆಯನ್ನು ಯಾರ ಕೈಗೋ ಕೊಟ್ಟು ಹೊಂಗೆ ಮರದ ಆಚೆ ಹೋಗಿ ನಿಂತೆ. ಅತ್ತದ್ದು ದುಃಖಕ್ಕಲ್ಲ. ಅಪ್ಪ ಆ ಕುರ್ಚಿಯ ತುದಿಯಿಂದ ಒಂದಿಷ್ಟು ಹಿಂದೆ ಸರಿದು, ಬೆನ್ನು ಒರಗಿಸಿ ಕೂತ ಹಾಗೆ ಅನಿಸಿತು.

ಮನೆಗೆ ಬರುವಾಗ ನಮ್ಮವರು, “ಒಂದು ಬನ್ನಿಯಿಂದ ಊರು ಬದಲಾಗುತ್ತಾ?” ಅಂದರು. ವ್ಯಂಗ್ಯವಲ್ಲ, ಲೆಕ್ಕದವರು, ಒಂದಕ್ಕೆ ಒಂದು ಕೂಡಿದರೆ ಎರಡಕ್ಕಿಂತ ಜಾಸ್ತಿ ಅಂತ ಒಪ್ಪುವುದಿಲ್ಲ. ಅವರ ಅಂಗಿಯ ನೀಲಿ ಕಲೆ ಬಾವುಟದ ಕೆಳಗೆ ಹಾಗೇ ಕಾಣುತ್ತಿತ್ತು.

“ಆ ಹುಡುಗಿಗೆ ಬದಲಾಯಿತು,” ಅಂದೆ. “ಅವಳ ಪ್ರಶ್ನೆಗೆ ಉತ್ತರ ಸಿಕ್ತು.”

“ಅದ್ ಸರಿ,” ಅಂದರು.

ನನಗೂ ಗೊತ್ತು, ಕಾಲೊನಿ ಇನ್ನೂ ಊರಾಚೆಯೇ ಇದೆ. ಅಲ್ಲಿಗೆ ಹೋಗುವ ರಸ್ತೆಯ ಟಾರು ಅರ್ಧಕ್ಕೇ ನಿಂತಿದೆ. ಆದರೆ ನನ್ನ ಅಪ್ಪನಿಗೆ ಆ ಮಾತು ಸಿಕ್ಕಿದ್ದು ಕನ್ನಡ ಬಾರದವರ ಬಾಯಿಂದ. ಈ ಹೆಂಗಸು ಅದನ್ನು ಕನ್ನಡ ಚೆನ್ನಾಗಿ ಬರುವವರ ಬಾಯಿಂದಲೇ, ಕೇಳದೆ, ಬೇಡದೆ, ಸುಮ್ಮನೆ ನೆಟ್ಟಗೆ ನಿಂತು ಪಡೆದರು. ನನ್ನ ಪಾಲಿಗೆ ಅದು ದೂರದೇಶದ ಆ ಪ್ರಮಾಣಕ್ಕಿಂತ ಕಡಿಮೆಯದಲ್ಲ. ಇದನ್ನು ನೋಡಲು ಟೀವಿ ಬೇಕಾಗಲಿಲ್ಲ, ನಡೆದೇ ಹೋದೆ.

ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ದೊಡ್ಡಮ್ಮ ಗೋಡೆಯ ಹತ್ತಿರ ಬಂದು, ಕೈಯಲ್ಲಿದ್ದ ರವಿಕೆಯನ್ನು ಈಚೆಗೆ ಚಾಚಿದರು.

“ತಗಳೇ, ಇದ್ನ ಅವ್ಳಿಗೆ...” ಅಂದು ತಡೆದರು. “ಅಧ್ಯಕ್ಷ್ರಿಗೆ ಕೊಡು. ಕಂಕುಳ ಹತ್ರ ಬಿಚ್ಬೇಕು ಅಂತ.”

ತಗೊಂಡೆ. ಒಲೆಯ ಮೇಲೆ ಡಿಕಾಕ್ಷನ್ ಬಿಸಿಯಾಗಿಯೇ ಇತ್ತು. ಏನು ಹೇಳುತ್ತಾರೆ ಅಂತ ಗೊತ್ತಿದ್ದೂ ಕೇಳಿದೆ, “ಕಾಫಿ ಕುಡೀತೀರಾ ದೊಡ್ಡಮ್ಮ?”

“ಅಯ್ಯೋ ಇವತ್ತು ಬೇಡ್ವೇ ಬೇಡ. ಬೆಳಿಗ್ಗೆನೇ ಜಾಸ್ತಿ ಆಗಿ ಎದೆ ಉರೀತೈತೆ.” ದಾಸವಾಳದ ಒಂದು ಒಣಗಿದ ಎಲೆ ಚಿವುಟಿ ಆಚೆ ಹಾಕಿದರು. “ನಮ್ಮೋರು ಬೆಳಕು ಹರಿಯೋಕ್ಮುಂಚೆ ಬಚ್ಚಲಲ್ಲಿ ಕೂತ್ಕಂಡು ಬನ್ನಿ, ಬನ್ನಿ ಅಂತಿದ್ರು ಕಣೇ. ಯಾರೋ ನೆಂಟ್ರು ಬಂದವ್ರೆ ಅಂತ ನಾನು ಕಾಫಿ ಮಾಡ್ಬಿಟ್ಟೆ. ನೋಡಿದ್ರೆ ಒಬ್ರೂ ಇಲ್ಲ, ಎಲ್ಲಾ ನಾನೇ ಕುಡ್ಯೋ ಹಂಗಾಯ್ತು.”